ಮೂರು ಪಟ್ಟಿಗೆ ಮೊದಲು, ಮೂರು ಪಟ್ಟಿಯ ನಂತರ

ಸೇನೆಯ ಬಡ್ತಿ ಮತ್ತು ಕೆಳಹಂತದ ನಾಯಕತ್ವದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಕೊಡಗಿನ ನಾನಾ ಊರುಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಹವಾಲ್ದಾರ್ ಬಡ್ತಿಯ, ಅಂದರೆ ನಾಯಕ್‌ನ ಎರಡು ಪಟ್ಟಿಯಿಂದ ಮೂರು ಪಟ್ಟಿಗೆ ಏರುವುದರ, ಸುತ್ತಲೇ ಇವೆ. ಬರೆದವರ ಹೆಸರು, ಘಟಕ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಕೆಲವರು ‘ಸಾರ್ಜೆಂಟ್’ ಎಂದು ಬರೆದಿದ್ದಾರೆ. ಭೂಸೇನೆಯ ಹವಾಲ್ದಾರ್, ಟ್ಯಾಂಕ್ ರೆಜಿಮೆಂಟುಗಳ ದಫೇದಾರ್, ವಾಯುಪಡೆಯ ಸಾರ್ಜೆಂಟ್, ನೌಕಾಪಡೆಯ ಪೆಟ್ಟಿ ಆಫೀಸರ್ ಎಲ್ಲರೂ ಒಂದೇ ಮೆಟ್ಟಿಲಿನಲ್ಲಿ ನಿಂತವರು. ಉತ್ತರಗಳು ಭೂಸೇನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಬಡ್ತಿಯ ನಿಯಮಗಳು ಆಗಾಗ ಪರಿಷ್ಕರಣೆಯಾಗುತ್ತವೆ. ನಿಮ್ಮ ಸೇವಾದಾಖಲೆ ಇಡುವ ರೆಕಾರ್ಡ್ ಆಫೀಸಿನಿಂದ ಬಂದ ಇತ್ತೀಚಿನ ಪತ್ರವನ್ನು ಹೆಡ್ ಕ್ಲರ್ಕ್ ಬಳಿ ಕೇಳಿ ಓದಿಕೊಳ್ಳುವುದು ನಿಮ್ಮ ಕೆಲಸ.

ಪ್ರ: ಒಟ್ಟು ಸೇವೆ 13 ವರ್ಷ, ನಾಯಕ್ ಆಗಿ ನಾಲ್ಕು ವರ್ಷವಾಯಿತು. ನನ್ನ ಜೊತೆಗೇ ಭರ್ತಿಯಾದ ಊರಿನ ಗೆಳೆಯ ಬೇರೆ ರೆಜಿಮೆಂಟಿನಲ್ಲಿ ಆಗಲೇ ಹವಾಲ್ದಾರ್. ನನ್ನ ದಾಖಲೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಇಲ್ಲ. ಎಲ್ಲಿ ತಪ್ಪಾಗಿದೆ? (ಒಬ್ಬ ನಾಯಕ್, ವಿರಾಜಪೇಟೆ)

ಉ: ತಪ್ಪಾಗಿರಲೇಬೇಕೆಂದಿಲ್ಲ. ಹವಾಲ್ದಾರ್ ಬಡ್ತಿಗೆ ಮೊದಲು ಬೇಕಾದ್ದು ಖಾಲಿ ಜಾಗ. ಅರ್ಹತೆಯ ಮಾತು ಆಮೇಲೆ. ಇನ್‌ಫೆಂಟ್ರಿಯಲ್ಲಿ ನಿಮ್ಮ ಬೆಟಾಲಿಯನ್ನಿನಲ್ಲಿ ಎಷ್ಟು ಹವಾಲ್ದಾರರು ನಿವೃತ್ತರಾದರು, ಎಷ್ಟು ಮಂದಿ ನಾಯಬ್ ಸುಬೇದಾರ್ ಆದರು ಎಂಬುದರ ಮೇಲೆ ಜಾಗ ತೆರೆಯುತ್ತದೆ. ಎಂಜಿನಿಯರ್ಸ್, ಸಿಗ್ನಲ್ಸ್, ಎ.ಎಸ್.ಸಿ.ಯಂಥ (ಆರ್ಮಿ ಸರ್ವಿಸ್ ಕೋರ್) ಕೋರ್‌ಗಳಲ್ಲಿ ನಿಮ್ಮ ಟ್ರೇಡಿನವರ ಸೀನಿಯಾರಿಟಿ ಪಟ್ಟಿ ರೆಕಾರ್ಡ್ ಆಫೀಸಿನಲ್ಲಿರುತ್ತದೆ. ಡ್ರೈವರ್ ಟ್ರೇಡಿನವರಿಗೂ ಆಪರೇಟರ್ ಟ್ರೇಡಿನವರಿಗೂ ಸಾಲು ಬೇರೆ ಬೇರೆ. ಹಾಗಾಗಿ ಒಂದೇ ರ‍್ಯಾಲಿಯಲ್ಲಿ ಓಡಿ ಗೆದ್ದ ಇಬ್ಬರಲ್ಲಿ ಒಬ್ಬ ಐದು ವರ್ಷ ಮೊದಲೇ ಮೂರು ಪಟ್ಟಿ ಹಾಕಿಕೊಂಡರೆ ಅದರಲ್ಲಿ ಅನ್ಯಾಯ ಹುಡುಕಬೇಡಿ.

ಆದರೆ ‘ದಾಖಲೆ ಸರಿಯಿದೆ’ ಎಂದು ಅಂದುಕೊಳ್ಳುವುದು ಬೇರೆ, ನೋಡಿ ತಿಳಿಯುವುದು ಬೇರೆ. ಕಂಪನಿ ಕ್ಲರ್ಕ್ ಬಳಿ ಕೂತು ಇಷ್ಟನ್ನು ಕಣ್ಣಾರೆ ನೋಡಿ: ಪ್ರಮೋಷನ್ ಕೇಡರ್ (ಬಡ್ತಿಗೆ ಮುಂಚಿನ ತರಬೇತಿ ಮತ್ತು ಪರೀಕ್ಷೆ) ಪಾಸಾದದ್ದು ಪಾರ್ಟ್ ಟೂ ಆರ್ಡರಿನಲ್ಲಿ (ಸೇವಾದಾಖಲೆಗೆ ಸೇರುವ ಘಟಕದ ಆದೇಶ) ಪ್ರಕಟವಾಗಿದೆಯೇ, ಶಿಕ್ಷಣ ಮತ್ತು ಮ್ಯಾಪ್ ರೀಡಿಂಗ್ ಪ್ರಮಾಣಪತ್ರ ದಾಖಲಾಗಿವೆಯೇ, ಮೆಡಿಕಲ್ ಕೆಟಗರಿ ಶೇಪ್–1 (ಪೂರ್ಣ ಆರೋಗ್ಯ) ಎಂದಿದೆಯೇ, ಅದರ ಮರುಪರೀಕ್ಷೆಯ ತಾರೀಕು ದಾಟಿದೆಯೇ, ಶಿಸ್ತಿನ ದಾಖಲೆಯಾದ ಕಂಡಕ್ಟ್ ಶೀಟಿನಲ್ಲಿ ಏನಿದೆ, ಸೀನಿಯಾರಿಟಿ ಪಟ್ಟಿಯಲ್ಲಿ ನಿಮ್ಮ ಮುಂದೆ ಎಷ್ಟು ಜನ. ಹೆಚ್ಚಿನವರ ಕೈ ಕಚ್ಚುವುದು ಮೊದಲನೆಯದು. ಕೇಡರ್ ಮುಗಿದ ವಾರವೇ ಬೇರೆ ಕಡೆ ಪೋಸ್ಟಿಂಗ್ ಬರುತ್ತದೆ. ಹಳೆಯ ಘಟಕ ‘ಹೊಸ ಘಟಕ ಪ್ರಕಟಿಸುತ್ತದೆ’ ಎಂದುಕೊಳ್ಳುತ್ತದೆ, ಹೊಸದು ಹಳೆಯದರ ಮೇಲೆ ಹಾಕುತ್ತದೆ. ರೆಕಾರ್ಡ್ ಆಫೀಸಿನ ಲೆಕ್ಕದಲ್ಲಿ ನೀವು ಕೇಡರ್ ಮಾಡಿಯೇ ಇಲ್ಲ. ಬಡ್ತಿ ಸಮಿತಿ ಕೂತಾಗ ನಿಮ್ಮ ಹೆಸರಿನ ಮುಂದೆ ‘ಅನರ್ಹ’ ಎಂದು ಬಿದ್ದು, ನಿಮಗಿಂತ ಕಿರಿಯ ಮುಂದೆ ಹೋಗುತ್ತಾನೆ.

ಹಾಗೇನಾದರೂ ಆಗಿದ್ದರೆ ಕಂಪನಿ ಕಮಾಂಡರ್ ಮೂಲಕ ಲಿಖಿತ ಅರ್ಜಿ ಕೊಡಿ, ಪ್ರತಿ ಇಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಆರ್ಮಿ ಆಕ್ಟ್ 26ನೇ ಸೆಕ್ಷನ್ ಪ್ರಕಾರ ದೂರು ಕೊಡುವ ಹಕ್ಕು ನಿಮಗಿದೆ. ಊರಿನ ಪರಿಚಯದ ಕರ್ನಲ್ ಸಾಹೇಬರ ಕಡೆಯಿಂದ ಫೋನ್ ಮಾಡಿಸುವ ಹಾದಿ ಕೊಡಗಿನಲ್ಲಿ ಸುಲಭ. ದಾಖಲೆಯಲ್ಲಿ ಇಲ್ಲದ್ದನ್ನು ಫೋನು ತರುವುದಿಲ್ಲ, ಕಂಪನಿ ಕಮಾಂಡರಿಗೆ ಮಾತ್ರ ನಿಮ್ಮ ಹೆಸರು ಬೇರೆ ರೀತಿಯಲ್ಲಿ ನೆನಪುಳಿಯುತ್ತದೆ.

ಪ್ರ: ನಮ್ಮ ಯಜಮಾನರಿಗೆ ಕಳೆದ ವರ್ಷ 16 ವರ್ಷ ತುಂಬಿ ಹವಾಲ್ದಾರ್ ಸಂಬಳ ಬರುತ್ತಿದೆ. ತೋಳಿನಲ್ಲಿ ಮಾತ್ರ ಇನ್ನೂ ಎರಡೇ ಪಟ್ಟಿ. ಇದು ಬಡ್ತಿಯೋ ಅಲ್ಲವೋ? (ಸೋಮವಾರಪೇಟೆಯ ಗೃಹಿಣಿ)

ಉ: ಅಲ್ಲ ಅಮ್ಮಾ. ಅದು ಎಂ.ಎ.ಸಿ.ಪಿ. 8, 16, 24 ವರ್ಷ ಸೇವೆ ಮುಗಿದಾಗ ಬಡ್ತಿ ಸಿಗದವರಿಗೆ ಮುಂದಿನ ದರ್ಜೆಯ ಸಂಬಳ ಕೊಡುವ ಏರ್ಪಾಡು. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ನಾಯಕ್ ಲೆವೆಲ್ 4 (ಆರಂಭ ₹25,500), ಹವಾಲ್ದಾರ್ ಲೆವೆಲ್ 5 (ಆರಂಭ ₹29,200). ಮಿಲಿಟರಿ ಸರ್ವಿಸ್ ಪೇ ₹5,200 ಇಬ್ಬರಿಗೂ ಒಂದೇ. ಅವರ ಅಧಿಕಾರ, ಜವಾಬ್ದಾರಿ, ಸೇವಾವಧಿ ಎಲ್ಲವೂ ನಾಯಕ್‌ನದೇ. ಇನ್ನೊಂದು ತಿಳಿದಿರಲಿ: ಮುಂದೆ ನಿಜವಾದ ಬಡ್ತಿ ಬಂದಾಗ ಅದೇ ಲೆವೆಲ್ಲಿಗೆ ಮತ್ತೊಮ್ಮೆ ಸಂಬಳ ನಿಗದಿಯಾಗುವುದಿಲ್ಲ. ‘ಹವಾಲ್ದಾರ್ ಆದರೂ ಒಂದು ರೂಪಾಯಿ ಏರಲಿಲ್ಲ’ ಎಂದು ಆಗ ಗಾಬರಿಯಾಗಬೇಡಿ.

ಪ್ರ: ಹಾಗಿದ್ದರೆ ಹವಾಲ್ದಾರ್ ಆಗಿ ಏನು ಲಾಭ? ಸಂಬಳ ಹೇಗೂ ಬರುತ್ತದೆ. ಅಪ್ಪನಿಗೆ ವಯಸ್ಸಾಗಿದೆ, ಹತ್ತು ಏಕರೆ ಕಾಫಿ ತೋಟ ಇದೆ. ಬಡ್ತಿ ಬೇಡ ಎಂದು ಬರೆದುಕೊಟ್ಟು ಬೇಗ ಊರಿಗೆ ಬರೋಣ ಎಂದಿದ್ದೇನೆ. (ಒಬ್ಬ ನಾಯಕ್, ನಾಪೋಕ್ಲು)

ಉ: ಊರಿಗೆ ಬರಬೇಕು ಎಂಬುದು ನಿಮ್ಮ ಮನೆಯ ತೀರ್ಮಾನ, ಅದಕ್ಕೆ ನಾವು ಅಡ್ಡ ಬರುವುದಿಲ್ಲ. ಆದರೆ ‘ಅನ್‌ವಿಲ್ಲಿಂಗ್’ ಪತ್ರಕ್ಕೆ ಸಹಿ ಹಾಕುವ ಮೊದಲು ಲೆಕ್ಕ ಹಾಕಿ. ಬಂದ ಬಡ್ತಿಯನ್ನು ಬೇಡವೆಂದವರಿಗೆ ಮುಂದಿನ ಎಂ.ಎ.ಸಿ.ಪಿ. ಸಿಗುವುದಿಲ್ಲ. ಬಡ್ತಿ ಸಿಗದೆ ನಿಂತವರಿಗೆ ಇರುವ ಸವಲತ್ತು ಅದು, ಒಲ್ಲೆ ಎಂದವರಿಗಲ್ಲ. ಆಗಲೇ ಸಿಕ್ಕಿದ್ದನ್ನು ಕಿತ್ತುಕೊಳ್ಳುವುದಿಲ್ಲ, ಅಷ್ಟೆ. ನಾಯಕ್‌ಗೆ 22 ವರ್ಷ ಸೇವೆ, ಸ್ಕ್ರೀನಿಂಗ್ ದಾಟಿದರೆ ಇನ್ನೆರಡು. ಹವಾಲ್ದಾರ್‌ಗೆ 24, ಮತ್ತೆ ಎರಡು. ಪಿಂಚಣಿ ಕೊನೆಯ ಸಂಬಳದ ಅರ್ಧ. ಈ ವ್ಯತ್ಯಾಸ ನೀವು ಬದುಕಿರುವವರೆಗೂ, ನಂತರ ಕುಟುಂಬ ಪಿಂಚಣಿಯಲ್ಲೂ ನಡೆಯುತ್ತದೆ.

15 ವರ್ಷದ ಸೇವೆ ಮುಗಿಸಿದರೆ ಪಿಂಚಣಿಗೆ ಅರ್ಹರು. ತೋಟ ನಿಜವಾಗಿ ಕರೆಯುತ್ತಿದ್ದರೆ ಬಡ್ತಿ ಪಡೆದು, ಮನೆಯ ಕಾರಣ ಕೊಟ್ಟು ನಿವೃತ್ತಿ ಕೇಳುವ ಹಾದಿಯೂ ಉಂಟು. ಬಡ್ತಿಯನ್ನೇ ನಿರಾಕರಿಸಿ ನಾಲ್ಕೈದು ವರ್ಷ ಅದೇ ಬ್ಯಾರಕ್ಕಿನಲ್ಲಿ ಕಿರಿಯರ ಕೈಕೆಳಗೆ ಕೂರುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ ಎಂಬುದು ನಮ್ಮ ಅಭಿಪ್ರಾಯ.

ಪ್ರ: ಮೂರು ತಿಂಗಳಲ್ಲಿ ನಾಯಕ್‌ನಿಂದ ಹವಾಲ್ದಾರ್ ಕೇಡರ್ ಇದೆ. ಈಗ ರಜೆಯಲ್ಲಿದ್ದೇನೆ. ಡ್ರಿಲ್, ಫೈರಿಂಗ್ ಚಿಂತೆಯಿಲ್ಲ. ಮ್ಯಾಪ್ ರೀಡಿಂಗ್ ಮತ್ತು ಆರ್ಡರ್ ಕೊಡುವುದು ಎಂದರೆ ಕೈಕಾಲು ನಡುಗುತ್ತದೆ. (ಪೊನ್ನಂಪೇಟೆ)

ಉ: ಸರಿಯಾದ ಜಾಗಕ್ಕೇ ಹೆದರಿದ್ದೀರಿ. ಕೇಡರಿನಲ್ಲಿ ಜನ ಬೀಳುವುದು ಇವೆರಡರಲ್ಲೇ.

ಮೊದಲು ನಕ್ಷೆ. 1:50,000 ಅಳತೆಯಲ್ಲಿ ನಕ್ಷೆಯ 2 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ಗ್ರಿಡ್ಡಿನ ಒಂದು ಚೌಕ 1 ಕಿ.ಮೀ. ಬದಿಯದು. ಆರಂಕಿಯ ಗ್ರಿಡ್ ರೆಫರೆನ್ಸ್ ಎಂದರೆ 100 ಮೀಟರಿನಷ್ಟು ನಿಖರ. ಚೌಕದ ಎಡಬದಿಯ ಗೆರೆ 45, ಕೆಳಬದಿಯ ಗೆರೆ 62 ಇದ್ದು, ನಿಮ್ಮ ಗುರುತು ಬಲಕ್ಕೆ ಮೂರು ಭಾಗ, ಮೇಲಕ್ಕೆ ಏಳು ಭಾಗ ಇದ್ದರೆ ಉತ್ತರ 453627. ಅಡ್ಡ ಮೊದಲು, ಉದ್ದ ಆಮೇಲೆ. ಗಡಿಬಿಡಿಯಲ್ಲಿ 627453 ಎಂದು ಬರೆದರೆ ಉತ್ತರ ಹತ್ತಿರ ಹತ್ತಿರ ತಪ್ಪಲ್ಲ, ಪೂರಾ ಬೇರೆಯೇ ಜಾಗ. ಫಿರಂಗಿಯವರಿಗೆ ಆ ಅಂಕಿ ಕೊಟ್ಟರೆ ಗುಂಡು ಎಲ್ಲಿ ಬಿದ್ದೀತು ಎಂದು ಯೋಚಿಸಿ.

ಬೇರಿಂಗಿನಲ್ಲಿ (ಉತ್ತರದಿಂದ ಅಳೆದ ದಿಕ್ಕಿನ ಕೋನ) ತಪ್ಪಾಗುವುದು ಎರಡು ಕಡೆ. ಒಂದು, ಕಂಪಾಸ್ ತೋರಿಸುವುದು ಆಯಸ್ಕಾಂತದ ಉತ್ತರವನ್ನು, ನಕ್ಷೆಯ ಗೆರೆ ಗ್ರಿಡ್ ಉತ್ತರವನ್ನು. ಇವೆರಡರ ಅಂತರ ನಕ್ಷೆಯ ಅಂಚಿನಲ್ಲಿ ಅಚ್ಚಾಗಿರುತ್ತದೆ, ಜೊತೆಗೆ ಅದು ವರ್ಷಕ್ಕೆ ಎಷ್ಟು ಬದಲಾಗುತ್ತದೆ ಎಂಬುದೂ. ನಕ್ಷೆ ಅಚ್ಚಾದ ವರ್ಷದಿಂದ ಇಂದಿನವರೆಗೆ ಲೆಕ್ಕ ಹಾಕದೆ ಹಳೆಯ ಅಂಕಿಯನ್ನೇ ಹಿಡಿಯುವವರು ಬಹಳ. ಎರಡು, ಹಿಂಬೇರಿಂಗ್, ಅಂದರೆ ಎದುರು ದಿಕ್ಕಿನ ಕೋನ. 180ಕ್ಕಿಂತ ಕಡಿಮೆಯಿದ್ದರೆ 180 ಕೂಡಿಸಿ, ಹೆಚ್ಚಿದ್ದರೆ ಕಳೆಯಿರಿ: 75 ಇದ್ದರೆ 255, 230 ಇದ್ದರೆ 50. ನೀವಿರುವ ಜಾಗ ಗೊತ್ತಿಲ್ಲದಾಗ ಕಾಣುವ ಎರಡು ಗುರುತಿಗೆ ಬೇರಿಂಗ್ ಹಿಡಿದು, ಗ್ರಿಡ್ಡಿಗೆ ಬದಲಿಸಿ, ಹಿಂಬೇರಿಂಗ್ ತೆಗೆದು ಗೆರೆ ಎಳೆದರೆ ಅವು ಕೂಡುವಲ್ಲಿ ನೀವಿದ್ದೀರಿ. ಎರಡು ಗುರುತುಗಳ ನಡುವಿನ ಕೋನ 90 ಡಿಗ್ರಿಯ ಆಸುಪಾಸಿನಲ್ಲಿರಲಿ. ತೀರಾ ಕಿರಿದಾದರೆ ಒಂದು ಡಿಗ್ರಿಯ ತಪ್ಪು ನಕ್ಷೆಯಲ್ಲಿ ನೂರಾರು ಮೀಟರ್ ಜಾರಿಸುತ್ತದೆ. ಮೂರನೆಯ ಗುರುತು ತಾಳೆಗೆ.

ರಜೆಯಲ್ಲಿದ್ದೀರಿ, ಕೊಡಗಿನಲ್ಲಿದ್ದೀರಿ. ಇದಕ್ಕಿಂತ ಒಳ್ಳೆಯ ತರಗತಿ ಬೇಕೆ? ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ಮ್ಯಾಪ್ಸ್ ಪೋರ್ಟಲಿನಲ್ಲಿ ಓಪನ್ ಸೀರೀಸ್ ಹಾಳೆಗಳ ಪಿಡಿಎಫ್ ಸಿಗುತ್ತದೆ. ಕಕ್ಕಬ್ಬೆ ಕಡೆಯ ಹಾಳೆ ಇಳಿಸಿಕೊಂಡು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಆದರೆ ಅಳತೆ ಬದಲಾಗದಂತೆ ನೋಡಿಕೊಳ್ಳಿ; ‘ಪುಟಕ್ಕೆ ಹೊಂದಿಸು’ ಎಂದರೆ 2 ಸೆಂಟಿಮೀಟರಿನ ಲೆಕ್ಕ ಹಾಳು. ಕಂದು ಬಣ್ಣದ ಎತ್ತರದ ಗೆರೆಗಳ ನಡುವಿನ ಅಂತರ 20 ಮೀಟರ್. 1,748 ಮೀಟರಿನ ತಡಿಯಂಡಮೋಳಿನ ತುದಿಯತ್ತ ಆ ಗೆರೆಗಳು ಹೇಗೆ ಒತ್ತಾಗಿ ಬರುತ್ತವೆ ನೋಡಿ. ಹತ್ತುವ ಮೊದಲೇ ‘ಇಲ್ಲಿ ಏಣು, ಇಲ್ಲಿ ಹಳ್ಳ, ಇಲ್ಲಿಂದ ತುದಿ ಕಾಣದು’ ಎಂದು ಬರೆದುಕೊಳ್ಳಿ. ಹತ್ತುತ್ತಾ ತಾಳೆ ನೋಡಿ. ಎಲ್ಲಿ ತಪ್ಪಿದಿರೋ ಅಲ್ಲಿಯೇ ಕಲಿಕೆ. ಕಂಪಾಸ್ ಹಿಡಿಯುವಾಗ ತೋಟದ ಮುಳ್ಳುತಂತಿ ಬೇಲಿಯಿಂದ ಹತ್ತಾರು ಹೆಜ್ಜೆ ದೂರ ನಿಲ್ಲಿ, ಕತ್ತಿ ಸೊಂಟದಲ್ಲಿದ್ದರೆ ತೆಗೆದಿಡಿ. ಕೇಡರಿನಲ್ಲಿ ರೈಫಲ್ ಪಕ್ಕದವನ ಕೈಗೆ ಕೊಟ್ಟು ಸ್ವಲ್ಪ ದೂರ ಸರಿದು ಓದಬೇಕು. ಕಬ್ಬಿಣ ಹತ್ತಿರವಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ.

ಇನ್ನು ಆರ್ಡರ್. ಕ್ರಮ ನಿಮಗೆ ಗೊತ್ತೇ ಇದೆ: ಜಮೀನಿ ನಿಶಾನ್ (ನೆಲದ ಗುರುತು), ಖಬರ್ (ಸುದ್ದಿ), ಮಕ್ಸದ್ (ಉದ್ದೇಶ), ತರೀಕಾ (ವಿಧಾನ), ಇಂತಜಾಮ್ (ಏರ್ಪಾಡು), ಕಮಾಂಡ್ ಮತ್ತು ಸಿಗ್ನಲ್, ಕೊನೆಗೆ ಘಡಿ ಮಿಲಾವ್ (ಗಡಿಯಾರ ಹೊಂದಿಸಿ). ಎಲ್ಲರೂ ಬಾಯಿಪಾಠ ಮಾಡುತ್ತಾರೆ, ಆದರೂ ಅಂಕ ಹೋಗುತ್ತದೆ. ಏಕೆಂದರೆ ಪ್ಲಟೂನ್ ಕಮಾಂಡರ್ ಕೊಟ್ಟ ಆರ್ಡರನ್ನೇ ಗಿಣಿಯಂತೆ ಒಪ್ಪಿಸುತ್ತಾರೆ. ನಿಮ್ಮ ಸೆಕ್ಷನ್, ಅಂದರೆ ಹತ್ತು ಜನರ ತುಕಡಿಗೆ ಬೇಕಾದ್ದು ಕಂಪನಿಯ ಯೋಜನೆಯಲ್ಲ. ಏಳು ಮಂದಿಯ ರೈಫಲ್ ಗ್ರೂಪ್ ಯಾವ ಮರೆಯಿಂದ ಯಾವ ಮರೆಗೆ ಓಡಬೇಕು, ಮೂವರ ಎಲ್.ಎಂ.ಜಿ. (ಲೈಟ್ ಮಷಿನ್ ಗನ್) ಗ್ರೂಪ್ ಎಲ್ಲಿ ಕೂತು ಎಲ್ಲಿಂದ ಎಲ್ಲಿಯವರೆಗೆ ಗುಂಡು ಹಾರಿಸಬೇಕು, ಯಾವ ಸನ್ನೆಗೆ ನಿಲ್ಲಿಸಬೇಕು, ನಾನು ಬಿದ್ದರೆ ಯಾರು ಮುಂದಾಳು. ಈ ನಾಲ್ಕನ್ನು ಬಿಟ್ಟು ಬೇರೆಲ್ಲ ಹೇಳಿದವರು ಫೇಲಾಗಿದ್ದಾರೆ. ನಾಲ್ಕನ್ನೂ ಸರಿಯಾಗಿ ಹೇಳಿ, ಉಳಿದದ್ದರಲ್ಲಿ ತಡವರಿಸಿದವರು ಪಾಸಾಗಿದ್ದಾರೆ.

ಮರಳಿನ ಮಾಡೆಲ್ ಮಾಡುವಾಗ ಉತ್ತರ ದಿಕ್ಕಿನ ಬಾಣ ಮೊದಲು ಇಡಿ. ಕೈಯಲ್ಲಿರುವ ಸಮಯದ ಮೂರನೇ ಒಂದು ಭಾಗ ಮಾತ್ರ ನಿಮ್ಮದು, ಉಳಿದ ಎರಡು ಭಾಗ ಜವಾನರ ತಯಾರಿಗೆ. ಮೂರು ಗಂಟೆ ಇದ್ದರೆ ಒಂದು ಗಂಟೆಯೊಳಗೆ ನಿಮ್ಮ ಬಾಯಿ ಮುಗಿಯಬೇಕು. ‘ಕೋಯೀ ಶಕ್?’ (ಏನಾದರೂ ಸಂಶಯ?) ಎಂದು ಕೇಳಿದರೆ ಯಾರೂ ಕೈ ಎತ್ತುವುದಿಲ್ಲ. ಬದಲಿಗೆ ಎಲ್ಲರಿಗಿಂತ ಕಿರಿಯನನ್ನು ಎಬ್ಬಿಸಿ ‘ಎಲ್.ಎಂ.ಜಿ. ಯಾವಾಗ ನಿಲ್ಲಿಸುತ್ತದೆ, ಹೇಳು’ ಎಂದು ಕೇಳಿ. ಅವನಿಗೆ ಗೊತ್ತಿದ್ದರೆ ಎಲ್ಲರಿಗೂ ಗೊತ್ತು.

ಸೇನೆಯ ದೈಹಿಕ ಪರೀಕ್ಷೆಯಾದ ಬಿ.ಪಿ.ಇ.ಟಿ. ಬಗ್ಗೆ ನೀವು ಕೇಳಿಲ್ಲ, ಆದರೂ ರಜೆಯ ಮಾತು ಬಂದದ್ದರಿಂದ ಹೇಳುತ್ತೇವೆ. ಪಿಟ್ಟು (ಬೆನ್ನುಚೀಲ), ರೈಫಲ್ ಸಮೇತ 5 ಕಿ.ಮೀ. ಓಟಕ್ಕೆ 30 ವರ್ಷದೊಳಗಿನವರಿಗೆ 25 ನಿಮಿಷ ಎಕ್ಸಲೆಂಟ್, 26½ ಗುಡ್, 28 ಸ್ಯಾಟಿಸ್‌ಫ್ಯಾಕ್ಟರಿ. ವಯಸ್ಸು ಏರಿದಂತೆ ಸಮಯ ಸ್ವಲ್ಪ ಸಡಿಲ. ಆಮೇಲೆ 60 ಮೀಟರ್ ಸ್ಪ್ರಿಂಟ್, ಹಗ್ಗ, 9 ಅಡಿಯ ಹಳ್ಳ. ಹುತ್ತರಿ ರಜೆಗೆ ಬಂದು ದಿನಾ ಕಡಂಬುಟ್ಟು–ಪಂದಿಕರಿ ತಿಂದು ಆರು ಕಿಲೋ ಏರಿಸಿಕೊಂಡು ಹೋಗುವವರಿಗೆ ಮೊದಲು ತೊಂದರೆ ಕೊಡುವುದು ಓಟವಲ್ಲ, ವೈದ್ಯರು. ತೂಕ ಮಿತಿ ಮೀರಿದರೆ 24 ವಾರದ ತಾತ್ಕಾಲಿಕ ಲೋ ಮೆಡಿಕಲ್ ಕೆಟಗರಿಗೆ ಹಾಕಬಹುದು, ಅಷ್ಟರೊಳಗೆ ಬಡ್ತಿ ಸಮಿತಿ ಕೂತು ಎದ್ದಿರುತ್ತದೆ. ಊರಿನ ಇಳಿಜಾರಿನಲ್ಲಿ ಭಾರ ಹೊತ್ತು ಓಡಬೇಡಿ, ಮೊಣಕಾಲು ಹೋಗುತ್ತದೆ. ಹತ್ತುವಾಗ ಓಡಿ, ಇಳಿಯುವಾಗ ನಡೆಯಿರಿ. ಐದಾರು ಕಿಲೋ ಭಾರದಿಂದ ಶುರು ಮಾಡಿ ವಾರಕ್ಕಿಷ್ಟು ಏರಿಸಿ.

ಪ್ರ: ಮಳೆಗಾಲದಲ್ಲಿ ರಜೆ ಮುಗಿಸಿ ಹೊರಡುವ ದಿನವೇ ಗುಡ್ಡ ಕುಸಿದು ರಸ್ತೆ ಬಂದ್. ನಾಲ್ಕು ದಿನ ತಡವಾಯಿತು. ಜೊತೆಗಾರನಿಗೆ ವಾಟ್ಸ್ಯಾಪ್ ಮಾಡಿದ್ದೆ. ಆದರೂ ರಜೆ ಮೀರಿದ್ದಕ್ಕೆ ಶಿಕ್ಷೆಯಾಗಿ ಕಂಡಕ್ಟ್ ಶೀಟಿನಲ್ಲಿ ಕೆಂಪು ಶಾಯಿಯ ನಮೂದು ಬಿತ್ತು. ಹವಾಲ್ದಾರ್ ಆಸೆ ಬಿಡಬೇಕೇ? (ಭಾಗಮಂಡಲ)

ಉ: ಬಿಡಬೇಕಿಲ್ಲ. ಬಡ್ತಿಗೆ ನೋಡುವುದು ಎಷ್ಟು ಕೆಂಪು ನಮೂದು, ಯಾವ ತಪ್ಪಿಗೆ, ಎಷ್ಟು ಹಿಂದೆ ಎಂಬುದನ್ನು. ಒಂದೇ ಇದ್ದರೆ ಕಾಲ ಕಳೆದಂತೆ ಅದರ ಭಾರ ಇಳಿಯುತ್ತದೆ. ಆದರೆ ಎಚ್ಚರ: ನಾಯಕ್ ಆದ ಮೇಲೆ ಬರೀ ‘ರಿಪ್ರಿಮಾಂಡ್’ ಕೂಡ ಕೆಂಪು ಶಾಯಿಯಲ್ಲೇ ಬೀಳುತ್ತದೆ. ‘ಬೈದು ಬಿಟ್ಟರು’ ಎಂದು ಹಗುರವಾಗಿ ತೆಗೆದುಕೊಂಡವರು ಬಡ್ತಿಯ ಹೊತ್ತಿನಲ್ಲಿ ಕಣ್ಣುಬಿಡುತ್ತಾರೆ.

ರಜೆ ಮೀರುವುದು ಆರ್ಮಿ ಆಕ್ಟ್ 39ನೇ ಸೆಕ್ಷನ್ನಿನ ತಪ್ಪು. ಸಕಾರಣವಿದ್ದರೆ ತಪ್ಪಲ್ಲ, ಆದರೆ ಕಾರಣವನ್ನು ತೋರಿಸುವ ಹೊಣೆ ನಿಮ್ಮದು. ಜೊತೆಗಾರನ ವಾಟ್ಸ್ಯಾಪ್ ಘಟಕಕ್ಕೆ ಕೊಟ್ಟ ಮಾಹಿತಿಯಲ್ಲ. ರಜೆ ಮುಗಿಯುವ ಮೊದಲೇ ಕಂಪನಿ ಕಮಾಂಡರಿಗೋ ಅಡ್ಜುಟೆಂಟರಿಗೋ ನೇರವಾಗಿ ಫೋನ್ ಮಾಡಿ ರಜೆ ವಿಸ್ತರಣೆ ಕೇಳಬೇಕು. ಜೊತೆಗೆ ಬರಹದಲ್ಲೂ ಕಳಿಸಬೇಕು. ಸ್ಥಳೀಯ ಪೊಲೀಸ್ ಠಾಣೆ ಅಥವಾ ತಹಶೀಲ್ದಾರರಿಂದ ರಸ್ತೆ ಬಂದ್ ಆದದ್ದಕ್ಕೆ ತಾರೀಕು ಸಹಿತ ಪತ್ರ ಪಡೆಯಬೇಕು. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ತಲುಪಲು ಸಾಧ್ಯವಾದರೆ ಅಲ್ಲಿಯೂ ತಿಳಿಸಿ. ಕಾಯಿಲೆಯಾದರೆ ಖಾಸಗಿ ವೈದ್ಯರ ಚೀಟಿ ಸಾಲದು, ಹತ್ತಿರದ ಮಿಲಿಟರಿ ಆಸ್ಪತ್ರೆಗೆ ವರದಿಯಾಗಬೇಕು. ನಿಮ್ಮ ಹತ್ತಿರ ಆ ದಿನದ ಜಿಲ್ಲಾಡಳಿತದ ಆದೇಶ ಈಗಲೂ ಸಿಗುವಂತಿದ್ದರೆ ಅದನ್ನು ಲಗತ್ತಿಸಿ ಮೇಲ್ಮನವಿ ಕೊಡಿ.

ಮುಂದಿನ ಸಲಕ್ಕೆ: ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ. ಮಡಿಕೇರಿಯಿಂದ ಮೈಸೂರು ನಿಲ್ದಾಣಕ್ಕೆ ಸುಮಾರು 120 ಕಿ.ಮೀ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೈಲಿನ ಹಿಂದಿನ ದಿನವೇ ಮೈಸೂರು ಸೇರಿಕೊಳ್ಳಿ. ಕುಶಾಲನಗರದ ಕಡೆ ನೀರು ನಿಂತರೆ ಗೋಣಿಕೊಪ್ಪ–ತಿತಿಮತಿ–ಹುಣಸೂರು ದಾರಿ ಇದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿ. 60 ದಿನದ ವಾರ್ಷಿಕ ರಜೆಯನ್ನು ಆಗಸ್ಟ್‌ನ ನಡುವೆ ಮುಗಿಯುವಂತೆ ಹಾಕಿಸಿಕೊಳ್ಳದಿರುವುದೇ ಎಲ್ಲಕ್ಕಿಂತ ಸುಲಭ.

ಪ್ರ: ಮುಂದಿನ ತಿಂಗಳು ಮೂರನೇ ಪಟ್ಟಿ ಬರುತ್ತದೆ, ಅದೇ ಕಂಪನಿಯಲ್ಲಿ ಸೆಕ್ಷನ್ ಕಮಾಂಡರ್. ಸೆಕ್ಷನ್ನಿನಲ್ಲಿ ನನ್ನ ಬ್ಯಾಚಿನವನೇ ಒಬ್ಬ ನಾಯಕ್, ನನಗಿಂತ ಮೊದಲು ಭರ್ತಿಯಾದ ಲಾನ್ಸ್ ನಾಯಕ್ ಇನ್ನೊಬ್ಬ, ಮತ್ತು ನಮ್ಮ ಪಕ್ಕದೂರಿನ ಹುಡುಗನೂ ಇದ್ದಾನೆ. ನಿನ್ನೆವರೆಗೆ ಒಟ್ಟಿಗೆ ಉಂಡವರ ಮೇಲೆ ಇಂದು ಹುಕುಂ ಹೇಗೆ ನಡೆಸಲಿ? (ಸಿದ್ದಾಪುರ)

ಉ: ಸೆಕ್ಷನ್ ಸಾಲಾಗಿ ನಿಲ್ಲುವ ಮೊದಲ ಫಾಲಿನ್ನಿಗೆ ಮುಂಚೆ ಮೂರು ಬೇರೆ ಬೇರೆ ಮಾತುಕತೆ ಮುಗಿಸಿಕೊಳ್ಳಿ. ಬ್ಯಾಚಿನವನಿಗೆ ಹೇಳಿ: ‘ನಾವಿಬ್ಬರೇ ಇದ್ದಾಗ ಹಿಂದಿನಂತೆಯೇ, ಸೆಕ್ಷನ್ ಮುಂದೆ ಮಾತ್ರ ದರ್ಜೆ. ನನ್ನ ಮೇಲೆ ಸಿಟ್ಟು ಬಂದರೆ ರಾತ್ರಿ ಬಂದು ಜಗಳವಾಡು, ಹುಡುಗರ ಎದುರಿಗೆ ಬೇಡ.’ ಅವನೇ ನಿಮ್ಮ ಉಪನಾಯಕ, ಎಲ್.ಎಂ.ಜಿ. ಗ್ರೂಪ್ ಅವನ ಕೈಯಲ್ಲಿ. ನೀವು ರೈಫಲ್ ಗ್ರೂಪಿನ ಜೊತೆ ಮುಂದೆ ಹೋದಾಗ ಹಿಂದಿನಿಂದ ನಿಮ್ಮ ಜೀವ ಕಾಯುವವನು ಅವನೇ. ಹಿರಿಯ ಲಾನ್ಸ್ ನಾಯಕ್‌ಗೆ ಸುಮ್ಮನೆ ಗೌರವದ ಮಾತು ಸಾಲದು, ನಿಜವಾದ ಕೆಲಸ ಕೊಡಿ: ಆಯುಧಗಳ ಲೆಕ್ಕ, ಕೋತ್‌ನಿಂದ (ಆಯುಧದ ಕೋಣೆ) ತರುವುದು, ಒಪ್ಪಿಸುವುದು. ಅದರಲ್ಲಿ ಅವನ ಮಾತೇ ಕೊನೆ ಎಂದು ಎಲ್ಲರಿಗೂ ತಿಳಿಯಲಿ. ಪಕ್ಕದೂರಿನ ಹುಡುಗನಿಗೆ ಕನ್ನಡದಲ್ಲಾಗಲಿ ಕೊಡವ ತಕ್ಕ್‌ನಲ್ಲಾಗಲಿ ಡ್ಯೂಟಿಯ ವೇಳೆ ಒಂದು ಮಾತೂ ಬೇಡ, ಉಳಿದ ಎಂಟು ಜನಕ್ಕೆ ಅರ್ಥವಾಗದ ಭಾಷೆ ಸಂಶಯ ಹುಟ್ಟಿಸುತ್ತದೆ. ಮೊದಲ ಕಷ್ಟದ ಡ್ಯೂಟಿಗೆ ಅವನ ಹೆಸರೇ ಹಾಕಿ. ಅವನ ತಂದೆ ಊರಿನಿಂದ ಫೋನ್ ಮಾಡಿಯಾರು, ಸಮಾಧಾನದಿಂದ ಕೇಳಿ, ಹೆಸರು ಬದಲಿಸಬೇಡಿ.

ಒಂದು ದಪ್ಪ ನೋಟ್‌ಬುಕ್ ಇಡಿ, ಒಬ್ಬೊಬ್ಬನಿಗೆ ಒಂದು ಪುಟ. ರಕ್ತದ ಗುಂಪು, ಮನೆ ವಿಳಾಸ, ಹತ್ತಿರದ ಬಂಧುವಿನ ಫೋನು, ರೈಫಲ್ಲಿನ ಬಟ್ ನಂಬರ್, ಉಳಿದ ರಜೆ, ಮಾಡಿದ ಕೋರ್ಸು, ಬೂಟಿನ ಅಳತೆ. ಇವು ಎಲ್ಲರೂ ಬರೆಯುವಂಥವು. ಬರೆಯದೇ ಬಿಡುವುದು ಮುಖ್ಯವಾದದ್ದನ್ನು: ಬ್ಯಾಂಕಿನ ಸಾಲ ಎಷ್ಟು, ಮನೆಯಲ್ಲಿ ಜಾಗದ ತಕರಾರು ಇದೆಯೇ, ಹೆಂಡತಿ ಬಾಣಂತಿಯೇ, ಆನ್‌ಲೈನ್ ಜೂಜಿನ ಚಟ ಇದೆಯೇ. ಡ್ಯೂಟಿಯಲ್ಲಿ ತಪ್ಪು ಮಾಡುವವನ ಹಿಂದೆ ಬಹಳ ಸಲ ಇಂಥದ್ದೇ ಒಂದಿರುತ್ತದೆ. ಇದನ್ನು ವಿಚಾರಣೆಯಂತೆ ಕೂರಿಸಿ ಕೇಳಿದರೆ ಯಾರೂ ಹೇಳುವುದಿಲ್ಲ. ಆಯುಧ ಶುಚಿ ಮಾಡುವ ಹೊತ್ತು ಪಕ್ಕದಲ್ಲಿ ಕೂತು ನಿಮ್ಮ ಬ್ಯಾರೆಲಿಗೂ ಎಣ್ಣೆ ಬಟ್ಟೆ ಹಾಕುತ್ತಿದ್ದರೆ ಮಾತು ತಾನಾಗಿ ಬರುತ್ತದೆ.

ಡ್ಯೂಟಿ ಪಟ್ಟಿಯನ್ನು ಗೋಡೆಗೆ ಅಂಟಿಸಿ. ರಾತ್ರಿ 2ರಿಂದ 4ರ ಸಂತ್ರಿ ಪಾಳಿ ಯಾರಿಗೂ ಬೇಡ. ಅದು ಸರದಿಯಲ್ಲಿ ತಿರುಗುತ್ತಿದೆ ಎಂದು ಕಣ್ಣಿಗೆ ಕಂಡರೆ ಅರ್ಧ ಗೊಣಗಾಟ ನಿಲ್ಲುತ್ತದೆ. ನೀವು ಚೆಕ್ ಮಾಡಲು ಹೋಗುವುದೂ ಅದೇ ಹೊತ್ತಿಗೆ ಇರಲಿ, ರಾತ್ರಿ ಹತ್ತಕ್ಕೆ ಹೋಗಿ ಬಂದು ‘ಸಬ್ ಠೀಕ್’ ಎಂದು ಬರೆದರೆ ಹುಡುಗರು ಲೆಕ್ಕ ಇಡುತ್ತಾರೆ. ರಜೆಯ ಪಟ್ಟಿ ವರ್ಷದ ಆರಂಭದಲ್ಲೇ ಕೂತು ಮಾಡಿ: ಒಬ್ಬನಿಗೆ ಓಣಂ, ಒಬ್ಬನಿಗೆ ಪೊಂಗಲ್, ಒಬ್ಬನಿಗೆ ಹುತ್ತರಿ. ಈ ವರ್ಷ ಹಬ್ಬಕ್ಕೆ ಹೋದವನು ಮುಂದಿನ ವರ್ಷ ಬಿಟ್ಟುಕೊಡಬೇಕು, ನೀವೂ ಸೇರಿ.

ಆಯುಧದ ಲೆಕ್ಕವನ್ನು ಕಾಗದದಲ್ಲಿ ನೋಡಬೇಡಿ. ರೈಫಲ್ ಎತ್ತಿ, ನಂಬರ್ ಓದಿ, ಬೋಲ್ಟ್ ತೆಗೆದು ಫೈರಿಂಗ್ ಪಿನ್ ಇದೆಯೇ ನೋಡಿ, ಮ್ಯಾಗಜೀನು ಎಣಿಸಿ. ಹಿಂದಿನ ಸೆಕ್ಷನ್ ಕಮಾಂಡರಿಂದ ವಹಿಸಿಕೊಳ್ಳುವ ದಿನ ‘ಎಲ್ಲ ಸರಿಯಿದೆ ಭಾಯಿ, ಸಹಿ ಹಾಕು’ ಎಂಬ ಆತುರ ಇರುತ್ತದೆ. ಸಹಿ ಬಿದ್ದ ಮೇಲೆ ಕಳೆದುಹೋದ ಒಂದು ಮ್ಯಾಗಜೀನು ನಿಮ್ಮದೇ, ಕೋರ್ಟ್ ಆಫ್ ಎನ್‌ಕ್ವೈರಿಯೂ ನಿಮ್ಮದೇ. ಫೈರಿಂಗ್ ಮುಗಿದ ಮೇಲೆ ಪ್ರತಿಯೊಬ್ಬನ ಚೇಂಬರ್ ಖಾಲಿಯೇ ಎಂದು ನೀವೇ ಇಣುಕಿ ನೋಡಬೇಕು, ಅವನ ಬಾಯಿಮಾತು ಸಾಲದು. ಸಿಡಿದ ತೋಟೆಗಳ ಖಾಲಿ ಚಿಪ್ಪುಗಳ ಲೆಕ್ಕವೂ ರೇಂಜಿನಲ್ಲೇ ಮುಗಿಯಲಿ.

ಶಿಕ್ಷೆಯ ವಿಷಯದಲ್ಲಿ ಹೊಸ ಹವಾಲ್ದಾರರು ಹೆಚ್ಚು ಎಡವುತ್ತಾರೆ. ಶಿಕ್ಷೆ ಕೊಡುವ ಅಧಿಕಾರ ನಿಮಗಿಲ್ಲ. ಆರ್ಮಿ ಆಕ್ಟ್ 80ನೇ ಸೆಕ್ಷನ್ನಿನ ಅಧಿಕಾರ ಕಮಾಂಡಿಂಗ್ ಆಫೀಸರದ್ದು. ನಿಮ್ಮ ಕೈಯಲ್ಲಿರುವುದು ತಿದ್ದುವುದು ಮತ್ತು ವರದಿ ಮಾಡುವುದು. ಕೈ ಎತ್ತಿದರೆ 47ನೇ ಸೆಕ್ಷನ್: ಕೆಳಗಿನವನನ್ನು ಹೊಡೆದು ಬಡಿದು ಹಿಂಸಿಸಿದ ಅಧಿಕಾರಿಗೂ ಎನ್.ಸಿ.ಓ.ಗೂ (ನಾಯಕ್, ಹವಾಲ್ದಾರ್‌ರಂಥವರು) ಏಳು ವರ್ಷದವರೆಗೆ ಸೆರೆವಾಸ. ಕ್ರಮ ಹೀಗಿರಲಿ: ಮೊದಲ ಸಲ ಒಬ್ಬನನ್ನೇ ಕರೆದು ಹೇಳಿ. ಎರಡನೇ ಸಲ ತಾರೀಕು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದು ಅವನಿಗೇ ಓದಿ ಹೇಳಿ. ಮೂರನೆಯದಕ್ಕೆ ಪ್ಲಟೂನಿನ ಸಾಹೇಬರ ಮುಂದೆ ನಿಲ್ಲಿಸಿ. ಕುಡಿದು ಡ್ಯೂಟಿಗೆ ಬಂದದ್ದು, ಆಯುಧದ ಎಚ್ಚರಿಕೆ ಮುರಿದದ್ದು ಇಂಥವಕ್ಕೆ ಮೊದಲ ಸಲ, ಎರಡನೇ ಸಲ ಎಂಬುದಿಲ್ಲ, ಆಗಲೇ ಮೇಲಕ್ಕೆ. ಒಬ್ಬನ ತಪ್ಪಿಗೆ ಹತ್ತೂ ಜನಕ್ಕೆ ರಗ್ಡಾ (ಮೈ ದಣಿಸುವ ಶಿಕ್ಷೆ) ಕೊಡುವುದು ಹಳೆಯ ಉಸ್ತಾದರ ಪದ್ಧತಿ. ಅದರಿಂದ ಆಗುವುದು ಒಂದೇ, ಮುಂದಿನ ಸಲ ಹತ್ತೂ ಜನ ಸೇರಿ ತಪ್ಪನ್ನು ನಿಮ್ಮಿಂದ ಮುಚ್ಚಿಡುತ್ತಾರೆ.

ಕೊನೆಯದು: ಕಳೆದ ವಾರದವರೆಗೆ ನೀವು ಮಾಡುತ್ತಿದ್ದ ನಾಯಕ್‌ನ ಕೆಲಸವನ್ನು ಬಿಡಿ. ಕೆಲಸ ಬೇಗ ಮುಗಿಯಲೆಂದು ಎಲ್ಲದಕ್ಕೂ ತಾವೇ ಕೈ ಹಾಕುವ ಹವಾಲ್ದಾರನಿಗೆ ಸುತ್ತ ಏನಾಗುತ್ತಿದೆ ಎಂದು ನೋಡಲು ಪುರುಸೊತ್ತೇ ಇರುವುದಿಲ್ಲ, ಅವನ ನಾಯಕ್ ಏನೂ ಕಲಿಯುವುದಿಲ್ಲ.

ಪ್ರ: ಹವಾಲ್ದಾರ್ ಆದ ಮೇಲೆ ನಾಯಬ್ ಸುಬೇದಾರ್‌ಗೆ ಏನು ನೋಡುತ್ತಾರೆ? (ಕುಶಾಲನಗರ)

ಉ: ಮುಖ್ಯವಾಗಿ ಎ.ಸಿ.ಆರ್., ಅಂದರೆ ಮೇಲಿನವರು ಬರೆಯುವ ವಾರ್ಷಿಕ ಗೋಪ್ಯ ವರದಿ. ಕೊನೆಯ ಐದು ವರದಿಗಳನ್ನು ತೂಗುತ್ತಾರೆ. ಅಲ್ಲಿಯವರೆಗೆ ಕಾಯದೆ ಮೊದಲ ವರ್ಷದಿಂದಲೇ ವರದಿ ಸಮಯಕ್ಕೆ ಸರಿಯಾಗಿ ಹೋಗಿದೆಯೇ ನೋಡಿಕೊಳ್ಳಿ. ಆಫೀಸಿನಲ್ಲೋ ಕ್ಯಾಂಟೀನಿನಲ್ಲೋ ಆರಾಮದ ಕೆಲಸ ಹಿಡಿದು ಜವಾನರನ್ನೇ ನಡೆಸದ ಹವಾಲ್ದಾರ್ ಹಿಂದೆ ಬೀಳುತ್ತಾನೆ.

ಪ್ರ: ಮಗ ಅಗ್ನಿವೀರ್. ಅವನು ಎಷ್ಟು ವರ್ಷಕ್ಕೆ ಹವಾಲ್ದಾರ್ ಆಗಬಹುದು? ಅಥವಾ ಆಫೀಸರ್ ಆಗಲು ದಾರಿ ಇದೆಯೇ? ನಮ್ಮೂರಲ್ಲಿ ಎಲ್ಲರೂ ಕಾರ್ಯಪ್ಪ, ತಿಮ್ಮಯ್ಯ ಎನ್ನುತ್ತಾರೆ, ಹವಾಲ್ದಾರ್ ಎಂದರೆ ಮುಖ ಸಣ್ಣ ಮಾಡುತ್ತಾರೆ. (ಒಬ್ಬ ತಾಯಿ, ಶನಿವಾರಸಂತೆ)

ಉ: ಅಗ್ನಿವೀರ್ ಎಂಬುದೇ ಪ್ರತ್ಯೇಕ ದರ್ಜೆ. ಆ ನಾಲ್ಕು ವರ್ಷದಲ್ಲಿ ಪಟ್ಟಿಯ ಮಾತಿಲ್ಲ. ನಾಲ್ಕು ವರ್ಷದ ಕೊನೆಗೆ ಶೇಕಡ 25ರವರೆಗೆ ಕಾಯಂ ಮಾಡಿಕೊಳ್ಳುತ್ತಾರೆ, ಆಮೇಲೆ ಕನಿಷ್ಠ ಇನ್ನು 15 ವರ್ಷ ಸೇವೆ. ಹವಾಲ್ದಾರ್ ಹಾದಿ ಅಲ್ಲಿಂದ ಶುರು. ಅಷ್ಟರವರೆಗೆ ಅವನು ಓಟ, ಫೈರಿಂಗ್, ಶಿಸ್ತಿನ ದಾಖಲೆಯನ್ನು ಸ್ವಚ್ಛವಾಗಿಟ್ಟುಕೊಳ್ಳಲಿ.

ಕಾಯಂ ಆದವರಿಗೆ, ಈಗಾಗಲೇ ಸಿಪಾಯಿಗಳಾಗಿರುವವರಿಗೆ ಆಫೀಸರ್ ಆಗಲು ಆರ್ಮಿ ಕೆಡೆಟ್ ಕಾಲೇಜ್ ಇದೆ. ಪಿಯುಸಿ ಪಾಸಾಗಿರಬೇಕು, ವಯಸ್ಸು 20ರಿಂದ 27, ಕನಿಷ್ಠ ಎರಡು ವರ್ಷ ಸೇವೆ. ಲಿಖಿತ ಪರೀಕ್ಷೆ, ಆಮೇಲೆ ಎಸ್.ಎಸ್.ಬಿ. (ಸರ್ವಿಸಸ್ ಸೆಲೆಕ್ಷನ್ ಬೋರ್ಡ್) ಸಂದರ್ಶನ. ಆಯ್ಕೆಯಾದರೆ ಡೆಹ್ರಾಡೂನಿನಲ್ಲಿ ಮೂರು ವರ್ಷ ಪದವಿ, ಒಂದು ವರ್ಷ ಇಂಡಿಯನ್ ಮಿಲಿಟರಿ ಅಕಾಡೆಮಿ. 27 ದಾಟಿದರೆ ಬಾಗಿಲು ಮುಚ್ಚಿತು, ಹಾಗಾಗಿ ‘ಮೊದಲು ನಾಯಕ್ ಆಗಲಿ, ಆಮೇಲೆ ನೋಡೋಣ’ ಎಂದು ಮುಂದೂಡಬಾರದು. ಕಾರ್ಯಪ್ಪನವರು ಹುಟ್ಟಿದ್ದು ನಿಮ್ಮ ಶನಿವಾರಸಂತೆಯಲ್ಲೇ, 1899ರಲ್ಲಿ. ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿಸೈಡ್’ ಈಗ ಮ್ಯೂಸಿಯಂ. ಹೆಮ್ಮೆ ಸರಿಯೇ. ಆದರೆ ಒಬ್ಬ ಜನರಲ್‌ನ ಆಜ್ಞೆ ಕಟ್ಟಕಡೆಗೆ ನಡೆಯುವುದು ಹತ್ತು ಜನರ ಸೆಕ್ಷನ್ನಿನಲ್ಲಿ. ಅಲ್ಲಿ ನಿಲ್ಲುವವನು ಹವಾಲ್ದಾರ್. ಮುಖ ಸಣ್ಣ ಮಾಡುವವರಿಗೆ ಅಷ್ಟು ಹೇಳಿ ಸಾಕು.

ಪ್ರ: ಮಡಿಕೇರಿಯಲ್ಲಿ ಬಿ.ಕಾಂ. ಓದುತ್ತಿದ್ದೇನೆ, ಎನ್.ಸಿ.ಸಿ.ಯಲ್ಲಿ ಈ ವರ್ಷ ಸಾರ್ಜೆಂಟ್ ಮಾಡಿದ್ದಾರೆ. ಡ್ರಿಲ್ಲಿನಲ್ಲಿ ನಾನು ಆಜ್ಞೆ ಕೊಟ್ಟರೆ ಅರ್ಧ ಜನ ಮೊದಲೇ ತಿರುಗುತ್ತಾರೆ, ಅರ್ಧ ಜನ ನಗುತ್ತಾರೆ. (ಒಬ್ಬ ಕೆಡೆಟ್)

ಉ: ಮೊದಲೇ ತಿರುಗುತ್ತಾರೆ ಎಂದರೆ ನಿಮ್ಮ ಆಜ್ಞೆಯ ಎರಡು ಭಾಗದ ನಡುವೆ ಜಾಗವಿಲ್ಲ. ‘ದಾಹಿನೇ’ ಎಂಬುದು ಎಚ್ಚರಿಕೆ, ಅದನ್ನು ಎಳೆಯಿರಿ. ‘ಮುಡ್’ ಎಂಬುದು ಕೆಲಸ, ಅದನ್ನು ಕಡಿಯಿರಿ. ನಡುವೆ ಒಂದು ಉಸಿರಿನ ಅಂತರ ಬಿಡಿ, ಪ್ರತಿ ಸಲವೂ ಅದೇ ಅಂತರ. ಸ್ಕ್ವಾಡ್ ನಡೆಯುತ್ತಿರುವಾಗ ಕಾಲಿನ ತಾಳ ನೋಡಿ ಕೊಡಬೇಕು. ನಿಮ್ಮ ಕಾಲೂ ಅದೇ ತಾಳದಲ್ಲಿ ಸಣ್ಣಗೆ ಆಡುತ್ತಿದ್ದರೆ ತಪ್ಪುವುದಿಲ್ಲ. ದನಿ ಗಂಟಲಿನಿಂದ ಬಂದರೆ ಹತ್ತು ನಿಮಿಷಕ್ಕೆ ಒಡೆಯುತ್ತದೆ, ಆಗ ನಗುತ್ತಾರೆ. ಹೊಟ್ಟೆಯಿಂದ ತನ್ನಿ. ಇಬ್ಬರು ಗೆಳೆಯರನ್ನು ಮೈದಾನದ ಆಚೆ ತುದಿಯಲ್ಲಿ, ಐವತ್ತು ಹೆಜ್ಜೆ ದೂರ ನಿಲ್ಲಿಸಿ ಬೆಳಿಗ್ಗೆ ಕಾಲು ಗಂಟೆ ಅಭ್ಯಾಸ ಮಾಡಿ. ಮಳೆ, ಗಾಳಿ ಇದ್ದ ದಿನ ಇನ್ನೂ ಒಳ್ಳೆಯದು.

ತಪ್ಪು ಆಜ್ಞೆ ಬಾಯಿಂದ ಬಿದ್ದರೆ ಪೆಚ್ಚುನಗೆ ನಗಬೇಡಿ, ಸ್ಕ್ವಾಡನ್ನು ನಿಲ್ಲಿಸಿ ಮೊದಲಿನಿಂದ ಕೊಡಿ. ಮತ್ತೆ, ಬೂಟು ಪಾಲಿಶ್ ಇಲ್ಲದ ಜೂನಿಯರನ್ನು ಸಾಲಿನಿಂದ ಹೊರಗೆ ಕರೆಯುವ ಮೊದಲು ನಿಮ್ಮ ಬೂಟನ್ನು ನೋಡಿಕೊಳ್ಳಿ. ಹಾಜರಾತಿ ಶೇಕಡ 75ಕ್ಕಿಂತ ಕೆಳಗೆ ಇಳಿದರೆ ಸರ್ಟಿಫಿಕೇಟ್ ಪರೀಕ್ಷೆಗೇ ಕೂರಿಸುವುದಿಲ್ಲ. ಸಾರ್ಜೆಂಟ್ ಆದ ಖುಷಿಯಲ್ಲಿ ಅದನ್ನು ಮರೆಯಬೇಡಿ.